ಎಡಬದಿಯ ಬಿರುಕು: ಉತ್ತರ ಬೆಂಗಳೂರಿನ ಎಳೆಯ ವೇಗಿಗಳು ಮತ್ತು ಸೊಂಟದ ಮೂಳೆ

ಬಲಗೈ ವೇಗದ ಬೌಲರ್‌ಗೆ ಸೊಂಟದ ಮೂಳೆ ಬಿರುಕು ಬಿಡುವುದು ಸಾಮಾನ್ಯವಾಗಿ ಎಡಬದಿಯಲ್ಲಿ, ಎಡಗೈಯವನಿಗೆ ಬಲಬದಿಯಲ್ಲಿ. ಬಿದ್ದು ಮುರಿದ ಮೂಳೆಗೆ ಇಂಥ ಪಕ್ಷಪಾತ ಇರುವುದಿಲ್ಲ. ಒಂದೇ ಚಲನೆಗೆ ಸಾವಿರಾರು ಸಲ ಒಳಗಾದ ಮೂಳೆಗೆ ಮಾತ್ರ ಇರುತ್ತದೆ. ‘ಸ್ಟ್ರೆಸ್ ಫ್ರ್ಯಾಕ್ಚರ್’ ಎಂದು ಪತ್ರಿಕೆಗಳು ಬರೆಯುವ ಈ ಗಾಯವನ್ನು ಒಂದು ದಿನದ ಅವಘಡವೆಂದು ನೋಡದೆ, ಹೊರೆಗೂ ಬಿಡುವಿಗೂ ನಡುವೆ ತಿಂಗಳುಗಟ್ಟಲೆ ತಪ್ಪಿದ ಲೆಕ್ಕವೆಂದು ನೋಡಿದರೆ ಅದರ ಪತ್ತೆ, ಚಿಕಿತ್ಸೆ, ತಡೆ ಮೂರೂ ಬೇರೆಯಾಗಿ ಕಾಣುತ್ತವೆ ಎಂಬುದು ಈ ಲೇಖನದ ವಾದ.

ಸೊಂಟದ ಪ್ರತಿ ಕಶೇರುವಿನ ಹಿಂಭಾಗದಲ್ಲಿ, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಬೆಸೆಯುವ ಕಿರಿದಾದ ಮೂಳೆ ಎರಡೂ ಬದಿಗಿದೆ. ವೈದ್ಯರು ಅದನ್ನು ಪಾರ್ಸ್ ಎನ್ನುತ್ತಾರೆ. ಬೆನ್ನು ಹಿಂದಕ್ಕೆ ಬಾಗಿ ಪಕ್ಕಕ್ಕೆ ತಿರುಚಿದಾಗ ಹೆಚ್ಚು ಒತ್ತಡ ಬೀಳುವುದು ಇದರ ಮೇಲೆ. ಐದನೆಯ ಕಶೇರುವಿನಲ್ಲಿ ಬಿರುಕು ಹೆಚ್ಚು, ನಾಲ್ಕನೆಯದರಲ್ಲಿ ಕಡಿಮೆ. ಬಿರುಕು ಪೂರ್ಣವಾದರೆ ಸ್ಪಾಂಡಿಲೊಲೈಸಿಸ್. ಎರಡೂ ಬದಿ ಬಿರುಕುಬಿಟ್ಟು ಕಶೇರು ಮುಂದಕ್ಕೆ ಜಾರಿದರೆ ಸ್ಪಾಂಡಿಲೊಲಿಸ್ತೆಸಿಸ್.

ಇದು ಹುಟ್ಟಿನಿಂದ ಬಂದ ದೋಷವೆಂಬ ನಂಬಿಕೆ ಬಹುಕಾಲ ಇತ್ತು. ವಿಲ್ಟ್ಸೆ ಮತ್ತು ಸಂಗಡಿಗರು 1975ರಲ್ಲಿ ಇದರ ಮೂಲ ಮೂಳೆಯ ದಣಿವಿನಲ್ಲಿದೆ ಎಂದು ವಾದಿಸಿದರು. 1981ರಲ್ಲಿ ಎಂದೂ ನಡೆದೇ ಇರದ 143 ಮಂದಿಯ ಎಕ್ಸ್-ರೇ ನೋಡಿದಾಗ ಒಬ್ಬರಲ್ಲೂ ಈ ಬಿರುಕು ಸಿಗಲಿಲ್ಲ. ಹಾಗೆಂದು ವಂಶದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಬಿರುಕಿದ್ದರೆ ನೋವು ಇದ್ದೇ ಇರುತ್ತದೆಂದೂ ಅಲ್ಲ. ಅಮೆರಿಕದಲ್ಲಿ 500 ಮಕ್ಕಳನ್ನು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ಆರನೆಯ ವಯಸ್ಸಿಗೆ 4.4 ಶೇಕಡಾ ಮಕ್ಕಳಲ್ಲಿದ್ದ ಬಿರುಕು ಪ್ರೌಢರಾಗುವ ಹೊತ್ತಿಗೆ 6 ಶೇಕಡಾ ಆಗಿತ್ತು. ಅವರಲ್ಲಿ ಬಹುಪಾಲು ಜನ ಅದರಿಂದ ಹೆಚ್ಚಿನ ತೊಂದರೆಯಿಲ್ಲದೆ ಬಾಳಿದರು. ಆದ್ದರಿಂದ ಚಿತ್ರದಲ್ಲಿ ಬಿರುಕು ಕಂಡಿತೆಂದ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತೆನ್ನಲಾಗದು.

ಮೂಳೆ ತನ್ನನ್ನು ದುರಸ್ತಿ ಮಾಡಿಕೊಳ್ಳುವಾಗ ಮೊದಲು ಹಳೆಯದನ್ನು ಕರಗಿಸುತ್ತದೆ. ಹೊಸದು ಕಟ್ಟಿ ಗಟ್ಟಿಯಾಗಲು ವಾರಗಳೇ ಬೇಕು. ಈ ನಡುವೆ ಅದು ಮೊದಲಿಗಿಂತ ದುರ್ಬಲ. ಹೆಬ್ಬಾಳದಲ್ಲಿ ರಸ್ತೆ ಅಗೆದು, ಸಂಚಾರ ಮಾತ್ರ ನಿಲ್ಲಿಸದೆ ಬಿಟ್ಟಂತೆ. ವೇಗದ ಬೌಲರ್‌ಗಳ ಕುರಿತ ಆಸ್ಟ್ರೇಲಿಯಾದ ಒಂದು ಅಧ್ಯಯನ (2009) ಇದಕ್ಕೆ ಹೊಂದುತ್ತದೆ: ಒಂದೇ ಪಂದ್ಯದಲ್ಲಿ 50 ಓವರ್‌ಗಿಂತ ಹೆಚ್ಚು ಎಸೆದವರಿಗೆ ಗಾಯದ ಸಂಭವ ಏರಿದ್ದು ಆ ಪಂದ್ಯದಲ್ಲೇ ಅಲ್ಲ, ಮುಂದಿನ ಮೂರು–ನಾಲ್ಕು ವಾರಗಳಲ್ಲಿ. ನೋವು ಬಂದ ದಿನ ಏನು ಮಾಡಿದೆ ಎಂದು ಹುಡುಗನನ್ನು ಕೇಳುವುದಕ್ಕಿಂತ, ಕಳೆದ ತಿಂಗಳು ಎಷ್ಟು ಎಸೆದೆ ಎಂದು ಕೇಳುವುದೇ ಸರಿ.

ಇನ್ನು ಆ್ಯಕ್ಷನ್. ಮುಂಗಾಲು ನೆಲಕ್ಕೆ ಬಡಿಯುವ ಕ್ಷಣ ದೇಹತೂಕದ ಐದು ಪಟ್ಟಿನಷ್ಟು, ಕೆಲವೊಮ್ಮೆ ಅದಕ್ಕೂ ಮೀರಿದ ಬಲ ಕಾಲಿನ ಮೂಲಕ ಏರುತ್ತದೆ. ಅದೇ ಕ್ಷಣ ಬೆನ್ನು ಚೆಂಡು ಹಿಡಿದ ಕೈಯ ಎದುರು ಬದಿಗೆ ವಾಲಿರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 82 ಎಳೆಯ ವೇಗಿಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿದ 1989ರ ಅಧ್ಯಯನದಲ್ಲಿ 11 ಶೇಕಡಾ ಹುಡುಗರಿಗೆ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು. ಗಮನಿಸಿದ ವೇಗಿಗಳ ಸರಾಸರಿ ವಯಸ್ಸು ಹದಿನೇಳರ ಹತ್ತಿರ. ಎತ್ತರ ಭರದಿಂದ ಬೆಳೆದು, ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರದ ವಯಸ್ಸು ಅದು. ಭುಜವನ್ನು ಸೊಂಟಕ್ಕೆ ಎದುರಾಗಿ ತಿರುಗಿಸುವ ‘ಮಿಕ್ಸ್ಡ್ ಆ್ಯಕ್ಷನ್’ನತ್ತ ಸಂಶೋಧಕರು ಆಗ ಬೆರಳು ತೋರಿದರು. ಆ್ಯಕ್ಷನ್ ತಿದ್ದಿದರೆ ಎಲ್ಲ ಸರಿಹೋಗುತ್ತದೆಂಬ ಕೋಚ್‌ಗಳ ಭರವಸೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಚೆಂದದ ಆ್ಯಕ್ಷನ್ ಇರುವವನಿಗೂ ಮೂಳೆ ಒಂದೇ.

ಬೆಂಗಳೂರಿನ ವೇಗಿ ಪ್ರಸಿದ್ಧ್ ಕೃಷ್ಣ 2022ರ ಆಗಸ್ಟ್‌ನಲ್ಲಿ ಹರಾರೆಯಲ್ಲಿ ಭಾರತಕ್ಕೆ ಆಡಿದ ಬಳಿಕ ಬೆನ್ನುನೋವಿನಿಂದ ಹೊರಗುಳಿದರು. ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ಗೆ ಶಸ್ತ್ರಚಿಕಿತ್ಸೆಯಾಯಿತು, 2023ರ ಐಪಿಎಲ್ ತಪ್ಪಿತು. ಭಾರತ ತಂಡಕ್ಕೆ ಮರಳಿದ್ದು ಆ ವರ್ಷದ ಆಗಸ್ಟ್ 18ರಂದು, ಐರ್ಲೆಂಡ್‌ನ ಮಲಹೈಡ್‌ನಲ್ಲಿ. ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಜಸ್‌ಪ್ರೀತ್ ಬುಮ್ರಾ ಮರಳಿದ್ದೂ ಅದೇ ಪಂದ್ಯದಲ್ಲಿ. ಹೆಚ್ಚುಕಡಿಮೆ ಒಂದು ವರ್ಷ, ಅದೂ ದೇಶದ ಅತ್ಯುತ್ತಮ ಆರೈಕೆ ಕೈಗೆಟಕುವ ಆಟಗಾರನಿಗೆ.

ಹದಿನಾರರ ಹುಡುಗನಿಗೆ ಮೊದಲು ಸಿಗುವ ಮಾತು ‘ಬೆನ್ನು ಹಿಡ್ಕೊಂಡಿದೆ, ಎಣ್ಣೆ ಹಚ್ಚು’. ಎರಡು ದಿನ ಬಿಟ್ಟು ಮತ್ತೆ ನೆಟ್ಸ್. ಸಾಮಾನ್ಯ ಎಕ್ಸ್-ರೇ ಆರಂಭದ ಬಿರುಕನ್ನು ಹಿಡಿಯುವುದು ಅಪರೂಪ. ಒಂಟಿಕಾಲಲ್ಲಿ ನಿಲ್ಲಿಸಿ ಹಿಂದಕ್ಕೆ ಬಾಗಿಸುವ ಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಗೆರೆ ಮೂಡುವ ಮುನ್ನವೇ ಮೂಳೆಯೊಳಗಿನ ಊತವನ್ನು ಎಂಆರ್‌ಐ ತೋರಿಸಬಲ್ಲದು. ಸಿಟಿ ಸ್ಕ್ಯಾನ್ ಗೆರೆಯನ್ನು ಸ್ಪಷ್ಟವಾಗಿ ತೋರಿದರೂ ಬೆಳೆಯುವ ಮೈಗೆ ವಿಕಿರಣದ ಬೆಲೆ ತೆರಬೇಕು. ವೇಗದ ಬೌಲರ್‌ಗೆ ಚೆಂಡೆಸೆವ ಕೈಯ ಎದುರು ಬದಿಯಲ್ಲಿ, ಹಿಂದಕ್ಕೆ ಬಾಗಿದಾಗ ಹೆಚ್ಚುವ ನೋವು ವಾರಗಳ ಕಾಲ ಉಳಿದರೆ ಎಂಆರ್‌ಐ ಮುಂದೂಡಬಾರದು.

ಚಿಕಿತ್ಸೆಯ ತೊಡಕು ಇಲ್ಲಿಂದ ಶುರು. 665 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆ ಸುಮಾರು 84 ಶೇಕಡಾ ಮಂದಿ ನೋವು ನೀಗಿ ಚೇತರಿಸಿಕೊಂಡಿದ್ದರು. ಸೊಂಟದ ಬೆಲ್ಟ್ ತೊಟ್ಟರೂ ತೊಡದಿದ್ದರೂ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಮೂಳೆ ನಿಜವಾಗಿ ಕೂಡಿಕೊಂಡಿದ್ದು ಮಾತ್ರ ಬೇರೆ ಕಥೆ: ಒಂದೇ ಬದಿಯ ಬಿರುಕುಗಳಲ್ಲಿ 71 ಶೇಕಡಾ, ಎರಡೂ ಬದಿಯದರಲ್ಲಿ 18 ಶೇಕಡಾ. ಅಂಚುಗಳು ನುಣುಪಾಗಿ ಹಳತಾದ ಬಿರುಕು ತಾನಾಗಿ ಕೂಡುವುದಿಲ್ಲ. ಅಂದರೆ ನೋವು ಹೋಗುವುದೂ ಮೂಳೆ ಕೂಡುವುದೂ ಒಂದೇ ಅಲ್ಲ. ಆರ್.ಟಿ. ನಗರದ ಕಚೇರಿಗೆ ಬಸ್ಸಿನಲ್ಲಿ ಓಡಾಡುವವರಿಗೆ ನೋವು ಹೋದರೆ ಸಾಕು. ವೇಗಿಯಾಗಿ ಬಾಳಬೇಕೆಂಬ ಹುಡುಗನಿಗೆ ಮೂಳೆಯೇ ಕೂಡಬೇಕು. ಅದಕ್ಕೆ ಬೇಗ ಪತ್ತೆಯಾಗಬೇಕು, ಬೌಲಿಂಗ್ ಪೂರ್ತಿ ನಿಲ್ಲಬೇಕು. ಕನಿಷ್ಠ ಮೂರು ತಿಂಗಳ ಬಿಡುವು, ನೋವಿಲ್ಲದ ಹಂತದಿಂದ ಹೊಟ್ಟೆ, ಪೃಷ್ಠ, ಬೆನ್ನಿನ ಸ್ನಾಯುಗಳ ವ್ಯಾಯಾಮ, ವಿಟಮಿನ್ ಡಿ ಕೊರತೆಯಿದ್ದರೆ ಅದಕ್ಕೆ ಪೂರಕ, ಆಮೇಲೆ ವಾರ ವಾರಕ್ಕೂ ಸ್ವಲ್ಪ ಸ್ವಲ್ಪವೇ ಏರಿಸುವ ಬೌಲಿಂಗ್. ಆರು ತಿಂಗಳಾದರೂ ನೋವು ನಿಲ್ಲದಿದ್ದರೆ, ಡಿಸ್ಕ್ ಆರೋಗ್ಯವಾಗಿದ್ದು ಕಶೇರು ಜಾರದಿದ್ದರೆ, 1970ರಲ್ಲಿ ಬಕ್ ವಿವರಿಸಿದ ಸ್ಕ್ರೂ ಜೋಡಣೆ ಅಥವಾ ಅದರ ಈಚಿನ ರೂಪಗಳು ಇವೆ. ಅವನ್ನು ಬೇಗ ಮೈದಾನಕ್ಕೆ ಮರಳುವ ಅಡ್ಡದಾರಿಯೆಂದು ಭಾವಿಸುವುದು ಅಪಾಯಕಾರಿ.

ತಡೆಯುವ ವಿಷಯದಲ್ಲಿ ಉತ್ತರ ಬೆಂಗಳೂರಿಗೆ ತನ್ನದೇ ಸಮಸ್ಯೆಯಿದೆ. ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ ಯಲಹಂಕದ ಆಚೆಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಿಸಿಸಿಐನ ಹೊಸ ಸೆಂಟರ್ ಆಫ್ ಎಕ್ಸಲೆನ್ಸ್ ವಿಮಾನನಿಲ್ದಾಣದ ಹತ್ತಿರ ಉದ್ಘಾಟನೆಯಾಯಿತು. ಸುತ್ತಲೂ ಖಾಸಗಿ ಅಕಾಡೆಮಿಗಳು, ಶಾಲಾ ತಂಡಗಳು, ಭಾನುವಾರದ ಟೆನಿಸ್ ಬಾಲ್ ಪಂದ್ಯಗಳು. ಬೆಳಿಗ್ಗೆ ಶಾಲೆಗೆ, ಸಂಜೆ ಅಕಾಡೆಮಿಗೆ, ವಾರಾಂತ್ಯಕ್ಕೆ ಕ್ಲಬ್‌ಗೆ ಎಸೆಯುವ ಹುಡುಗನ ಚೆಂಡುಗಳನ್ನು ಯಾರೂ ಕೂಡಿಸುವುದಿಲ್ಲ. ಪ್ರತಿ ಕೋಚ್‌ನ ಲೆಕ್ಕ ಅವರವರ ಮಟ್ಟಿಗೆ ಮಿತಿಯೊಳಗೇ ಇರುತ್ತದೆ. ಇಂಗ್ಲೆಂಡ್, ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿಗಳು ಕಿರಿಯ ವೇಗಿಗಳಿಗೆ ವಯಸ್ಸಿಗೆ ತಕ್ಕ ಮಿತಿ ಸೂಚಿಸಿವೆ, ಆದರೆ ಒಬ್ಬನೇ ಮೂರು ಕಡೆ ಆಡುವಲ್ಲಿ ಮಿತಿಯನ್ನು ಕಾಯುವವರಾರು? ಸ್ಕೋರ್ ಪುಸ್ತಕದಲ್ಲಿ ಪಂದ್ಯದ ಓವರ್‌ಗಳಿರುತ್ತವೆ, ನೆಟ್ಸ್‌ನವು ಇರುವುದಿಲ್ಲ. ಹೆಚ್ಚು ಚೆಂಡುಗಳು ಹೋಗುವುದು ಅಲ್ಲಿಯೇ. ಲೆಕ್ಕ ಹುಡುಗನ ಹೆಸರಿನಲ್ಲಿರಬೇಕು, ತಂಡದ ಹೆಸರಿನಲ್ಲಲ್ಲ: ದಿನದ ಚೆಂಡುಗಳು, ಬಿಡುವಿನ ದಿನಗಳು, ಮೂರು ತಿಂಗಳಿಗೊಮ್ಮೆ ಅಳೆದ ಎತ್ತರ. ಅಪ್ಪ–ಅಮ್ಮನ ಬಳಿ ಇಟ್ಟ ಇಂಥದ್ದೊಂದು ನೋಟ್‌ಬುಕ್ಕು ಮೊದಲ ಭೇಟಿಯಲ್ಲೇ ವೈದ್ಯರ ಮೇಜಿನ ಮೇಲೆ ಬಂದರೆ, ಎಂಆರ್‌ಐ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಕಾಯಬೇಕಾದ ವಾರಗಳು ಉಳಿಯುತ್ತವೆ.