ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಕ್ಯಾನ್ಸರ್ ಕುರಿತ ಆರೋಗ್ಯ ಸಂವಹನ

ಕ್ಯಾನ್ಸರ್ ಕುರಿತ ಆರೋಗ್ಯ ಸಂವಹನ ಎಂದರೆ ರೋಗದ ಕಾರಣ, ಮುನ್ಸೂಚನೆ, ತಪಾಸಣೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ಜನರಿಗೆ ಅರ್ಥವಾಗುವಂತೆ ತಲುಪಿಸಿ, ಸಕಾಲದಲ್ಲಿ ನಿರ್ಧಾರ ಕೈಗೊಳ್ಳಲು ನೆರವಾಗುವ ಕಾರ್ಯ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಈ ಕಾರ್ಯಕ್ಕೆ ವಿಶೇಷವಾದ ಸವಾಲೊಂದಿದೆ. ಇಲ್ಲಿನ ಪ್ರಮುಖ ವಾಣಿಜ್ಯ ಬೆಳೆ ಅಡಿಕೆ; ಅದನ್ನು ಅಗಿಯುವ ಅಭ್ಯಾಸವು ಬಾಯಿ ಕ್ಯಾನ್ಸರಿನ ಕಾರಣಗಳಲ್ಲಿ ಒಂದೆಂದು ಗುರುತಿಸಲ್ಪಟ್ಟಿದೆ.

ಹಿನ್ನೆಲೆ

ಪಶ್ಚಿಮ ಘಟ್ಟದ ತಪ್ಪಲಿನಲ್ಲಿರುವ ಈ ಮೂರು ತಾಲೂಕುಗಳಲ್ಲಿ ಮನೆಗಳು ಸಾಮಾನ್ಯವಾಗಿ ಒಂದೆಡೆ ಗುಂಪಾಗಿರದೆ ತೋಟಗಳ ನಡುವೆ ಚದುರಿಕೊಂಡಿವೆ. ಕಡಬ ತಾಲೂಕು ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ರಚನೆಯಾದದ್ದು. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಯಿತು. ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿದೆ. ಮದುವೆಯ ವೀಳ್ಯದಿಂದ ದೈವಾರಾಧನೆಯವರೆಗೆ ಎಲೆ ಅಡಿಕೆಗೆ ಗೌರವದ ಸ್ಥಾನವಿದೆ. ತುಳುವಿನಲ್ಲಿ ಇದನ್ನು 'ಬಚ್ಚಿರೆ ಬಜ್ಜೆಯಿ' ಎನ್ನುತ್ತಾರೆ.

ಅಡಿಕೆ ಮತ್ತು ಬಾಯಿ ಕ್ಯಾನ್ಸರ್

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪು ಸೇರಿಸಿದ ವೀಳ್ಯ, ಹೊಗೆಸೊಪ್ಪು ಇಲ್ಲದ ವೀಳ್ಯ ಮತ್ತು ಅಡಿಕೆ ಇವು ಮೂರನ್ನೂ ಮೊದಲನೇ ಗುಂಪಿನ ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಿತು. ಈ ವರ್ಗೀಕರಣವು ಸಾಕ್ಷ್ಯ ಎಷ್ಟು ದೃಢವಾಗಿದೆ ಎಂಬುದನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಇದೇ ಸಂಸ್ಥೆಯ 2024ರ ಅಧ್ಯಯನದ ಅಂದಾಜಿನಂತೆ, 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆಯ ಸೇವನೆ ಕಾರಣ. ಇವುಗಳಲ್ಲಿ ಸುಮಾರು 83,400 ಪ್ರಕರಣಗಳು ಭಾರತದವು.

ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ, ಖಾರ ತಿಂದಾಗ ಉರಿಯಾಗಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿ ಉಂಟಾಗಬಹುದು. ಇದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯುಳ್ಳ ಸ್ಥಿತಿ.

ಬೆಳೆಗಾರರ ಆಕ್ಷೇಪ ಮತ್ತು ಸಂದೇಶದ ಸ್ವರೂಪ

ಕ್ಯಾಂಪ್ಕೊ ಸೇರಿದಂತೆ ಬೆಳೆಗಾರರ ಸಂಘಟನೆಗಳು ಈ ವರ್ಗೀಕರಣವನ್ನು ಪ್ರಶ್ನಿಸುತ್ತ ಬಂದಿವೆ. ಅಧ್ಯಯನಗಳು ತಂಬಾಕು ಮತ್ತು ಇತರ ವಸ್ತುಗಳು ಬೆರೆತ ಉತ್ಪನ್ನಗಳನ್ನು ಆಧರಿಸಿವೆ, ಕೇವಲ ಅಡಿಕೆಯನ್ನಲ್ಲ ಎಂಬುದು ಅವುಗಳ ಮುಖ್ಯ ವಾದ. ಸಂಶೋಧನಾ ಸಂಸ್ಥೆಯು ತಂಬಾಕುರಹಿತ ವೀಳ್ಯವನ್ನು ಪ್ರತ್ಯೇಕವಾಗಿ ಪರಿಶೀಲಿಸಿಯೇ ತೀರ್ಮಾನಕ್ಕೆ ಬಂದಿದೆ.

ಈ ವಿವಾದ ಸಂವಹನದ ಮೇಲೆ ನೇರ ಪರಿಣಾಮ ಬೀರುತ್ತದೆ. 'ಅಡಿಕೆ ಕ್ಯಾನ್ಸರ್‌ಕಾರಕ' ಎಂಬಷ್ಟೇ ಸುದ್ದಿ ತೋಟವನ್ನು ನಂಬಿದ ಕುಟುಂಬಕ್ಕೆ ಬೆಲೆ ಕುಸಿತದ ಮುನ್ಸೂಚನೆಯಾಗಿ ಕೇಳಿಸಬಹುದು. ಆಗ ಬಾಯಿ ಪರೀಕ್ಷೆಯ ಸಲಹೆಯೂ ಬೆಳೆಯ ವಿರುದ್ಧದ ಪ್ರಚಾರವೆಂದು ತಳ್ಳಲ್ಪಡುವ ಅಪಾಯವಿದೆ. ವರ್ಗೀಕರಣವು ಅಗಿಯುವ ಅಭ್ಯಾಸಕ್ಕೆ ಸಂಬಂಧಿಸಿದ್ದು, ಕೃಷಿಗೆ ಅಥವಾ ಅಡಿಕೆ ಸುಲಿಯುವ ಕೆಲಸಕ್ಕೆ ಅಲ್ಲ ಎಂಬುದನ್ನು ಸ್ಪಷ್ಟಪಡಿಸುವುದು ಇಲ್ಲಿನ ಸಂದೇಶಕ್ಕೆ ಅಗತ್ಯ. ಹಾಗೆಯೇ ಹೊಗೆಸೊಪ್ಪು ಬಿಟ್ಟ ಮಾತ್ರಕ್ಕೆ ಅಪಾಯ ಪೂರ್ಣವಾಗಿ ನಿವಾರಣೆಯಾಗುವುದಿಲ್ಲ ಎಂಬುದನ್ನೂ ತಿಳಿಸಬೇಕಾಗುತ್ತದೆ.

ಕಾನೂನು ಮತ್ತು ಎಚ್ಚರಿಕೆ ಚಿತ್ರಗಳು

ತಂಬಾಕು ಉತ್ಪನ್ನಗಳ ಜಾಹೀರಾತು ಹಾಗೂ ಮಾರಾಟವನ್ನು ನಿಯಂತ್ರಿಸುವ ಕೇಂದ್ರ ಕಾಯ್ದೆ 2003ರಲ್ಲಿ ಬಂದಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. 2016ರಿಂದ ತಂಬಾಕು ಪೊಟ್ಟಣಗಳ ಮುಖ್ಯ ಭಾಗದ 85 ಶೇಕಡಾದಷ್ಟು ಜಾಗದಲ್ಲಿ ಎಚ್ಚರಿಕೆ ಚಿತ್ರ ಕಡ್ಡಾಯವಾಗಿದೆ. ಬಿಡಿಯಾಗಿ ದೊರೆಯುವ ಅಡಿಕೆಗೆ ಮತ್ತು ಮನೆಯ ಹರಿವಾಣದ ವೀಳ್ಯಕ್ಕೆ ಇಂಥ ಚಿತ್ರ ಇರುವುದಿಲ್ಲವಾದ್ದರಿಂದ ಅಲ್ಲಿ ಮಾತಿನ ಮೂಲಕವೇ ತಿಳುವಳಿಕೆ ತಲುಪಬೇಕು. ತಂಬಾಕು ತ್ಯಜಿಸಲು ಬಯಸುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ.

ಭಾಷೆ ಮತ್ತು ಮಾಧ್ಯಮ

ಸರ್ಕಾರಿ ಕರಪತ್ರಗಳ ಭಾಷೆ ಸಾಮಾನ್ಯವಾಗಿ ಗ್ರಾಂಥಿಕ ಕನ್ನಡ. ಮನೆಮಾತು ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ ಅಥವಾ ಮರಾಠಿ ಆಗಿರಬಹುದು. ಗರ್ಭಕಂಠ, ಸ್ತನ ಮುಂತಾದ ಅಂಗಗಳ ತೊಂದರೆಯನ್ನು ಸಂಕೋಚವಿಲ್ಲದೆ ಹೇಳಲು ಮನೆಮಾತು ಮತ್ತು ಪರಿಚಿತ ಮಹಿಳೆಯ ಸನ್ನಿಧಿ ನೆರವಾಗುತ್ತವೆ. ಈ ಕಾರಣದಿಂದ ಆಶಾ ಕಾರ್ಯಕರ್ತೆಯರ ಮನೆಭೇಟಿಗೆ ಮಹತ್ವವಿದೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಮತ್ತು 'ಸುದ್ದಿ ಬಿಡುಗಡೆ'ಯಂಥ ಸ್ಥಳೀಯ ಪತ್ರಿಕೆಗಳು ಈ ಪ್ರದೇಶದ ಪರಿಚಿತ ಮಾಧ್ಯಮಗಳು.

ತಪಾಸಣೆ

ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿದ ಮಾರ್ಗಸೂಚಿಯಂತೆ 30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಲಾಗುತ್ತದೆ. ಆಶಾ ಕಾರ್ಯಕರ್ತೆಯು ಪ್ರಶ್ನಾವಳಿಯ ಮೂಲಕ ವಯಸ್ಸು, ತಂಬಾಕು, ಮದ್ಯಪಾನ, ರೋಗಲಕ್ಷಣ ಮೊದಲಾದ ವಿವರಗಳನ್ನು ದಾಖಲಿಸುತ್ತಾಳೆ.

ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಸುಮಾರು 2 ಶೇಕಡಾ ಮಾತ್ರ. ಸ್ತನ ಮತ್ತು ಬಾಯಿ ತಪಾಸಣೆಯಲ್ಲಿ ಈ ಪ್ರಮಾಣ ತಲಾ 1 ಶೇಕಡಾಕ್ಕಿಂತ ಕಡಿಮೆ. ತಪಾಸಣೆಯ ಪ್ರಯೋಜನ ಭಾರತದಲ್ಲೇ ಸಾಬೀತಾಗಿದೆ. ತಿರುವನಂತಪುರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದ್ದರಿಂದ ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು 34 ಶೇಕಡಾ ಕಡಿಮೆಯಾಯಿತು.

ಚಿಕಿತ್ಸೆ ಮತ್ತು ಅನುಸರಣೆ

ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಬಳಿಕದ ರಕ್ತಸ್ರಾವ ಇವು ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಮತ್ತು ದಂತ ವೈದ್ಯಕೀಯ ಮಹಾವಿದ್ಯಾಲಯಗಳಿವೆ. ವಿಶೇಷ ಕ್ಯಾನ್ಸರ್ ಚಿಕಿತ್ಸೆಗೆ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ತೆರಳುತ್ತಾರೆ.

ರೇಡಿಯೋಥೆರಪಿ ವಾರಗಟ್ಟಲೆ ನಡೆಯುವುದರಿಂದ ಪ್ರಯಾಣ, ವಾಸ್ತವ್ಯ ಮತ್ತು ಕೂಲಿ ನಷ್ಟದ ಭಾರದಿಂದ ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಸಂಭವವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿದೆ. ಆದ್ದರಿಂದ ಕ್ಯಾನ್ಸರ್ ಸಂವಹನದ ವ್ಯಾಪ್ತಿ ಜಾಗೃತಿ ಶಿಬಿರಕ್ಕೆ ಸೀಮಿತವಲ್ಲ. ಶಂಕಿತ ವ್ಯಕ್ತಿಗೆ ಮುಂದಿನ ಆಸ್ಪತ್ರೆ, ಬೇಕಾದ ದಾಖಲೆ ಮತ್ತು ಮರುಭೇಟಿಯ ದಿನಾಂಕ ತಿಳಿಸುವುದೂ ಅದರ ಭಾಗವಾಗಿದೆ.