ತೊಡೆಸಂದಿನ ತುರಿಕೆಗೆ ಅಗಸನ ಹೆಸರು ಯಾಕ ಬಂತು?

ಭಾಗ 1
ದೋಸ್ತರೇ, ಈ ಪೋಸ್ಟಿಗೆ ಯಾರೂ ಲೈಕ್ ಒತ್ತಲ್ಲ, ಸುಮ್ಮನೆ ಸೇವ್ ಮಾಡ್ಕೋತೀರಿ, ಗೊತ್ತದ. ಪರವಾಗಿಲ್ಲ. ಮೇ ತಿಂಗಳ ಬಿಸಿಲೊಳಗ ಜೀನ್ಸ್ ಹಾಕ್ಕೊಂಡು ಆಳಂದ ಬಸ್ಸಿನಾಗ ನಿಂತವರಿಗೆ ತೊಡೆಸಂದಿನ ತುರಿಕೆ ಏನಂತ ನಾ ಹೇಳಬೇಕಾಗಿಲ್ಲ. ರೋಗ ಬಾಳ ಹಳೇದು. ಸುಶ್ರುತ ಸಂಹಿತೆಯಲ್ಲೇ ‘ವೃಷಣಕಚ್ಛು’ ಎಂಬ ಹೆಸರಿದೆ: ತೊಳೆಯದೆ ಕೂತ ಕೊಳೆ ಬೆವರಿನಲ್ಲಿ ನೆನೆದು ಹುಟ್ಟುವ ತುರಿಕೆ.

ಭಾಗ 2
19ನೇ ಶತಮಾನದಲ್ಲಿ ಬ್ರಿಟಿಷರು ಇದಕ್ಕೆ ‘ಧೋಬಿ ಇಚ್’ ಅಂದರು. ದಂಡಿನ ಸಿಪಾಯಿಗಳಿಗೆ ತುರಿಕೆ ಬಂತು, ಬಟ್ಟೆ ಒಗೆದವನು ಅಗಸ, ಹಂಗಾದ್ರ ತಪ್ಪು ಅಗಸನದೇ! ಬಿಗಿ ಪ್ಯಾಂಟು, ಉಷ್ಣ, ಬೆವರು ಯಾವುದೂ ಅವರ ಲೆಕ್ಕಕ್ಕೆ ಬರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಕೊಲಂಬೊದಲ್ಲಿದ್ದ ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲ್ಲಾನಿ ಇದರ ಹಿಂದಿನ ಶಿಲೀಂಧ್ರವನ್ನು, ಅಂದ್ರ ಫಂಗಸ್ ಅನ್ನು, ಅಧ್ಯಯನ ಮಾಡಿದ. ಕಾರಣ ಸಿಕ್ಕಿತು, ಹೆಸರು ಮಾತ್ರ ಹೋಗಲಿಲ್ಲ. ಇವತ್ತಿಗೂ ಪುಸ್ತಕಗಳಲ್ಲಿ ಹಂಗೇ ಅದ.

ಭಾಗ 3
ನನಗೆ ಸಿಟ್ಟು ಬರೋದು ಇಲ್ಲೇ. ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡೋದನ್ನೇ ಕಾಯಕ ಅಂತ ನಡೆಸಿದ ಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯೊಳಗದ. ಹಳೇ ಕಾಲದ ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವುತ್ತಿದ್ದರು. ಬಟ್ಟೆಯಲ್ಲಿನ ಈ ಫಂಗಸ್ ಸಾಯಬೇಕಂದ್ರ ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೀರಿ ಅಂತ ಈಗ ಹೇಳ್ತಾರ. ಉಬ್ಬೆಯ ಹಬೆ ಅದಕ್ಕಿಂತ ಬಿಸಿ! ರೋಗ ಓಡಿಸೋ ಕೆಲಸ ಮಾಡಿದವರ ಹೆಸರನ್ನೇ ರೋಗಕ್ಕೆ ಇಟ್ಟರು.

(ಒಂದು ಮಾತು ಒಪ್ಪಬೇಕು. ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ರಸದಿಂದ ಕೆಲವರ ಚರ್ಮ ಉರಿಯುತ್ತಿತ್ತು. 1943ರಲ್ಲಿ ಅಮೆರಿಕದ ಸೇನಾ ವೈದ್ಯರು ಅದನ್ನು ಬರೆದಿದ್ದಾರೆ. ಆದರೆ ಅದು ಅಲರ್ಜಿ, ಫಂಗಸ್ ಅಲ್ಲ.)

ಭಾಗ 4
ಈಗ ನಮ್ಮ ಕಾಲ. 1969ರಲ್ಲಿ ಕ್ಲೋಟ್ರಿಮಜೋಲ್ ಬಂತು, ಒಳ್ಳೇ ಔಷಧ. ಆದರೆ ನಮ್ಮಲ್ಲಿ ಹೆಚ್ಚು ಓಡಿದ್ದು ಫಂಗಸ್ ಔಷಧ, ಆಂಟಿಬಯೋಟಿಕ್, ಸ್ಟಿರಾಯ್ಡ್ ಮೂರನ್ನೂ ಕಲಸಿದ ಟ್ಯೂಬು. ಬಿಕಾಂನವರಿಗೆ ಇದು ಮಾರ್ಕೆಟಿಂಗ್ ಪಾಠ: ಹಚ್ಚಿದ ಎರಡೇ ದಿನಕ್ಕ ತುರಿಕೆ ಬಂದ್, ಗಿರಾಕಿ ಖುಷ್. ಒಳಗ ಮಾತ್ರ ಫಂಗಸ್ ಹರಡ್ತಾನೇ ಇರ್ತದ. ಹೀಗೆ ವೇಷ ಮರೆಸಿಕೊಂಡ ರೋಗಕ್ಕೆ 1968ರಲ್ಲೇ ‘ಟಿನಿಯಾ ಇನ್‌ಕಾಗ್ನಿಟೊ’ ಅಂತ ಹೆಸರಿಟ್ಟಿದ್ದರು. ತೊಡೆಸಂದಿನ ಚರ್ಮ ತೆಳುವಾಗಿ ಬರೆ ಬಿದ್ದಂತೆ ಸೀಳಿದರೆ ಆ ಗುರುತು ಹೋಗೋದಿಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 14 ಸ್ಟಿರಾಯ್ಡ್ ಲೇಪನಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದ್ರ ಚೀಟಿ ಇಲ್ಲದೆ ಮಾರುವಂತಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಔಷಧಕ್ಕೆ ಬಗ್ಗದ ಒಂದು ಫಂಗಸ್‌ಗೆ ‘ಟ್ರೈಕೊಫೈಟಾನ್ ಇಂಡೋಟಿನಿಯೆ’ ಅಂತ ಹೆಸರಿಟ್ಟರು. ಆಗ ಅಗಸನ ಹೆಸರು, ಈಗ ದೇಶದ್ದೇ.

ಭಾಗ 5
ಎಲ್ಲಾ ತುರಿಕೆ ಒಂದೇ ಅಲ್ಲ. ತೊಡೆಸಂದಿನಲ್ಲಿ ಅಂಚು ಕೆಂಪಾದ ಉಂಗುರ ಇದ್ದರೆ ಸಾಮಾನ್ಯವಾಗಿ ಈ ಫಂಗಸ್. ಶಿಶ್ನದ ತುದಿ ಕೆಂಪಾಗಿ ಬಿಳಿ ಪದರ ಕಟ್ಟಿದರೆ ಕ್ಯಾಂಡಿಡಾ ಇರಬಹುದು. ಅದು ಮತ್ತೆಮತ್ತೆ ಬಂದರೆ ಶುಗರ್ ಟೆಸ್ಟ್ ಮಾಡಿಸಲೇಬೇಕು. ಅತಿಯಾದ ಸಾಬೂನಿನಿಂದಲೂ ಅಲ್ಲಿ ಉರಿಯೂತ ಬರ್ತದ, ಅದಕ್ಕ ಆಂಟಿಸೆಪ್ಟಿಕ್ ಸುರೀಬ್ಯಾಡ್ರಿ. ನೀರಿಂದ ತೊಳೆದು ಒಣಗಿಸಿ ಸಾಕು. ಹಾಸ್ಟೆಲಿನಾಗ ಟವೆಲ್ ಹಂಚ್ಕೋಬ್ಯಾಡ್ರಿ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಕ್ಲೋಮೆಥಾಸೋನ್ ಅಂತ ಇದ್ದರೆ ಅಂಗಡಿಯಲ್ಲೇ ವಾಪಸ್ ಕೊಡ್ರಿ. ಹುಣ್ಣು, ಕೀವು, ಮೂತ್ರದಾಗ ಉರಿ ಇದ್ದರೆ ಕಾಯೋದೇ ಬ್ಯಾಡ.

ಕಲಬುರಗಿ ಜಿಮ್ಸ್‌ಗೆ ಹೋದರೆ ಚರ್ಮ ಮತ್ತು ಲೈಂಗಿಕ ರೋಗ ವಿಭಾಗ ಕೇಳ್ರಿ. ಎರಡನೇ ಶಬ್ದಕ್ಕ ಹೆದರಿ ಬಾಗಿಲಿಂದಲೇ ತಿರುಗಬ್ಯಾಡ್ರಿ. ನಮ್ಮ ದೇಶದಾಗ ಇವೆರಡಕ್ಕೂ ಒಂದೇ ಡಾಕ್ಟರ್. ಮೊಡವೆ, ತಲೆಹೊಟ್ಟು ಅಂತ ಬಂದವರೂ ಅದೇ ಸಾಲಿನಾಗ ನಿಂತಿರ್ತಾರ.