ಹತ್ತು ಡಾಲರಿನ ಪಂದ್ಯ, ಒಂದು ತರಗತಿ ಪ್ರಬಂಧ: ಬ್ರೌನ್ ತೀರ್ಪಿನ ಮೇಲೆ ಪಾಲಿ ಮರ್ರಿ ಅವರ ಋಣವೆಷ್ಟು?

ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಸರ್ಕಾರಿ ಶಾಲೆಗಳ ವರ್ಣ ಪ್ರತ್ಯೇಕತೆಯನ್ನು ಸಂವಿಧಾನಬಾಹಿರವೆಂದು ಸಾರಿತು. ಆ ತೀರ್ಪಿನ ಬುಡದಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಒಬ್ಬ ಕಾನೂನು ವಿದ್ಯಾರ್ಥಿ 1944ರಲ್ಲಿ ಬರೆದ ತರಗತಿ ಪ್ರಬಂಧವಿತ್ತು ಎಂಬ ಮಾತು ಕಳೆದ ಒಂದು ದಶಕದಲ್ಲಿ ಚೆನ್ನಾಗಿ ಬೇರೂರಿದೆ. ಆ ವಿದ್ಯಾರ್ಥಿಯೇ ಪಾಲಿ ಮರ್ರಿ. ರೋಸಲಿಂಡ್ ರೋಸೆನ್‌ಬರ್ಗ್ ಅವರ ಜೀವನಚರಿತ್ರೆ (2017) ಮತ್ತು 2021ರ ಸಾಕ್ಷ್ಯಚಿತ್ರ ಬಂದ ಮೇಲೆ ಮರ್ರಿ ಅವರ ಹೆಸರು ಸಾಮಾನ್ಯ ಓದುಗರಿಗೂ ತಲುಪಿತು, ತಲುಪಬೇಕಾದದ್ದೇ. ಆದರೆ ಹೆಸರಿನ ಜೊತೆ ಸಾಗಿಬಂದ ಈ ವಂಶಾವಳಿಯನ್ನು ಸರಿಯಾಗಿ ಒರೆಗೆ ಹಚ್ಚಿಲ್ಲ. ಋಣ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಈಗ ಹೇಳುತ್ತಿರುವ ಕಡೆ ಅದು ಇಲ್ಲ ಎಂಬುದಷ್ಟೇ ನನ್ನ ತಕರಾರು.

ಬದುಕಿನ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಜಗಳವಿಲ್ಲ. ಹುಟ್ಟಿದ್ದು ಬಾಲ್ಟಿಮೋರ್‌ನಲ್ಲಿ, 1910ರಲ್ಲಿ. ಬೆಳೆದದ್ದು ಉತ್ತರ ಕೆರೊಲಿನಾದ ಡರಮ್‌ನಲ್ಲಿ, ತಾಯಿಯ ಕಡೆಯ ಅಜ್ಜ ಅಜ್ಜಿ ಮತ್ತು ತಾಯಿಯ ಸೋದರಿಯರ ಆಸರೆಯಲ್ಲಿ. 1938ರ ಡಿಸೆಂಬರಿನಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ ಬಣ್ಣದ ಕಾರಣಕ್ಕೆ ಪ್ರವೇಶ ನಿರಾಕರಿಸಿತು. 1940ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಬಸ್ಸಿನ ಹಿಂದಿನ ಮುರುಕು ಸೀಟಿಗೆ ಸರಿಯಲು ಒಪ್ಪದೆ ಗೆಳತಿಯೊಬ್ಬರ ಜೊತೆ ಬಂಧನಕ್ಕೆ ಒಳಗಾದರು. ಕೃಷ್ಣಲಾಲ್ ಶ್ರೀಧರಾಣಿ ಅವರ ಪುಸ್ತಕದಿಂದ ಸತ್ಯಾಗ್ರಹದ ವಿಧಾನ ತಿಳಿದಿದ್ದ ಮರ್ರಿ, ಜೈಲಿನೊಳಗೂ ಅದನ್ನೇ ಹಿಡಿದರು. ಮುಂದೆ ಘಾನಾದಲ್ಲಿ, ಬ್ರಾಂಡೈಸ್‌ನಲ್ಲಿ ಪಾಠ ಹೇಳಿದರು, 1977ರಲ್ಲಿ ಎಪಿಸ್ಕೋಪಲ್ ಪಾದ್ರಿಯ ದೀಕ್ಷೆ ಪಡೆದರು, 1985ರಲ್ಲಿ ತೀರಿಕೊಂಡರು. ತಾವು ಹೆಣ್ಣೋ ಗಂಡೋ ಎಂಬ ಪ್ರಶ್ನೆ ಹರೆಯದಿಂದಲೇ ಅವರನ್ನು ಹಣ್ಣು ಮಾಡಿತ್ತು. ಇಂಗ್ಲಿಷಿನಲ್ಲಿ ಬರೆಯುವವರು ಇಂದಿಗೂ ಅವರಿಗೊಂದು ಸರ್ವನಾಮ ಆರಿಸಲು ತೊಡಕುಪಡುತ್ತಾರೆ. ಕನ್ನಡದ ‘ಅವರು’ ನನ್ನನ್ನು ಆ ತೊಡಕಿನಿಂದ ಪಾರು ಮಾಡಿದೆ. ಅವರ ಬಗ್ಗೆ ಕನ್ನಡದಲ್ಲಿ ಬರೆಯುವುದು ಈ ಒಂದು ಕಾರಣಕ್ಕೂ ನನಗೆ ಸಮಾಧಾನದ ಕೆಲಸ.

ಈಗ ಪ್ರಬಂಧಕ್ಕೆ ಬರೋಣ. ಆ ಕಾಲಕ್ಕೆ ಕಪ್ಪು ವಕೀಲರ ಮುಂದಿದ್ದ ದಾರಿ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಹಾಕಿಕೊಟ್ಟದ್ದು. 1896ರ ಪ್ಲೆಸ್ಸಿ ತೀರ್ಪಿನ ‘ಪ್ರತ್ಯೇಕ ಆದರೆ ಸಮಾನ’ ಸೂತ್ರವನ್ನು ಮುರಿಯಲು ಹೋಗದೆ, ‘ಸಮಾನ’ ಎಲ್ಲಿದೆ ತೋರಿಸಿ ಎಂದು ರಾಜ್ಯಗಳನ್ನು ಕೋರ್ಟಿಗೆಳೆಯುವ ದಾರಿ ಅದು. ಆ ದಾರಿ ಸಾಕು, ಇನ್ನು ಪ್ರತ್ಯೇಕತೆಗೇ ಕೊಡಲಿ ಹಾಕಬೇಕು ಎಂದು ಮರ್ರಿ ತರಗತಿಯಲ್ಲಿ ಎದ್ದು ಹೇಳಿದಾಗ ಸಹಪಾಠಿಗಳು ನಕ್ಕರು. ಆ ತರಗತಿಯಲ್ಲಿ ಹೆಣ್ಣೆಂದು ಲೆಕ್ಕಕ್ಕಿದ್ದವರು ಅವರೊಬ್ಬರೇ. ಇಪ್ಪತ್ತೈದು ವರ್ಷದೊಳಗೆ ಪ್ಲೆಸ್ಸಿ ಬಿದ್ದುಹೋಗುತ್ತದೆಂದು ಅಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರೊಡನೆ ಹತ್ತು ಡಾಲರ್ ಪಂದ್ಯ ಕಟ್ಟಿದರು. ಅದು ಬೀಳಲು ಹತ್ತು ವರ್ಷವೇ ಸಾಕಾಯಿತು.

ಪ್ರಬಂಧ ರಾಬಿನ್ಸನ್ ಅವರ ಕೈ ಸೇರಿತು. 1963ರಲ್ಲಿ ಮರ್ರಿ ಹೋವರ್ಡ್‌ಗೆ ಹೋದಾಗ, ಬ್ರೌನ್ ವಾದದ ಸಿದ್ಧತೆಯ ವೇಳೆ ತಾವು ಅದನ್ನು ಹೊರತೆಗೆದು ನೋಡಿದ್ದಾಗಿ ರಾಬಿನ್ಸನ್ ತಿಳಿಸಿದರು. ವಂಶಾವಳಿ ಇಡಿಯಾಗಿ ನಿಂತಿರುವುದು ಈ ಒಂದು ಕಂಬದ ಮೇಲೆ. ಮಾತು ರಾಬಿನ್ಸನ್ ಅವರದು; ನಮಗೆ ಸಿಗುವುದು ಮರ್ರಿ ಅವರ ಆತ್ಮಕಥೆಯ ಮೂಲಕ, ಅದೂ 1987ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾದ ಪುಸ್ತಕದಿಂದ. ಸಾಕ್ಷಿ ಒಬ್ಬರೇ ಎಂಬ ಕಾರಣಕ್ಕೆ ನಾನು ಅದನ್ನು ತಳ್ಳಿಹಾಕುವುದಿಲ್ಲ. ಹೊಗಳಿಕೆಗಾಗಿ ಇಲ್ಲದ್ದನ್ನು ಹೇಳುವ ಅಗತ್ಯ ರಾಬಿನ್ಸನ್ ಅವರಿಗಿರಲಿಲ್ಲ. ಪ್ರಶ್ನೆ ಬೇರೆ: ಹೊರತೆಗೆದು ನೋಡಿದ್ದು ಯಾವುದಕ್ಕಾಗಿ?

ಸಾಮಾನ್ಯವಾಗಿ ಕೊಡುವ ಉತ್ತರ ಎರಡು. ಒಂದು, ಪ್ಲೆಸ್ಸಿಯ ಮೇಲೆ ನೇರ ದಾಳಿ ಮಾಡುವ ಧೈರ್ಯ ಪ್ರಬಂಧದಿಂದ ಬಂತು. ಇನ್ನೊಂದು, ಪ್ರತ್ಯೇಕತೆ ವ್ಯಕ್ತಿಯ ಮನಸ್ಸನ್ನೇ ಗಾಯಗೊಳಿಸುತ್ತದೆಂಬ ವಾದ ಅದರಲ್ಲಿ ಮೊದಲು ಬಂತು. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಸಡಿಲವಾಗುತ್ತವೆ: ರಾಬಿನ್ಸನ್ ಬ್ರೌನ್ ಸಿದ್ಧತೆಗೆಂದು ಪ್ರಬಂಧವನ್ನು ಹೊರತೆಗೆಯುವ ಹೊತ್ತಿಗೆ ಎರಡೂ ವಾದಗಳು ಆಗಲೇ ಬಳಕೆಯಲ್ಲಿದ್ದವು. ನೇರ ದಾಳಿಯ ನಿರ್ಧಾರವನ್ನು ಬ್ರೌನ್ ಮೊಕದ್ದಮೆ ನಡೆಸಿದ ವಕೀಲ ಥರ್ಗುಡ್ ಮಾರ್ಷಲ್ ಅವರ ತಂಡ ಕೈಗೊಂಡದ್ದು 1950ರಲ್ಲಿ, ಆ ವರ್ಷ ಜೂನ್ 5ರಂದು ವಿಶ್ವವಿದ್ಯಾಲಯಗಳ ಪ್ರತ್ಯೇಕತೆಯ ವಿರುದ್ಧದ ಸ್ವೆಟ್ ಮತ್ತು ಮೆಕ್‌ಲಾರಿನ್ ಮೊಕದ್ದಮೆಗಳನ್ನು ಗೆದ್ದ ಬಳಿಕ. ಮನಸ್ಸಿನ ಗಾಯದ ವಾದವನ್ನು ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ 1951ರಲ್ಲೇ, ಗೊಂಬೆಗಳ ಪ್ರಯೋಗದ ಬಲದಿಂದ, ದಕ್ಷಿಣ ಕೆರೊಲಿನಾದ ಕೋರ್ಟಿನ ಮುಂದಿಟ್ಟಿದ್ದರು. ಬ್ರೌನ್ ತೀರ್ಪಿನ ಪ್ರಸಿದ್ಧ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಇದ್ದಾರೆ, ಹೋವರ್ಡ್‌ನವರೇ ಆದ ಸಮಾಜಶಾಸ್ತ್ರಜ್ಞ ಫ್ರೇಜಿಯರ್ ಇದ್ದಾರೆ, ಮಿರ್ಡಾಲ್ ಇದ್ದಾರೆ. ಮರ್ರಿ ಇಲ್ಲ. ಅಚ್ಚಾಗದ ತರಗತಿ ಪ್ರಬಂಧ ಅಡಿಟಿಪ್ಪಣಿಯಲ್ಲಿ ಬರುವುದು ಸಾಧ್ಯವಿರಲಿಲ್ಲ, ಆದ್ದರಿಂದ ಆ ಗೈರುಹಾಜರಿಗೆ ಹೆಚ್ಚಿನ ತೂಕ ಕೊಡಬಾರದು. ಇಸವಿಗಳ ತೂಕ ಮಾತ್ರ ಉಳಿಯುತ್ತದೆ.

ನನ್ನ ಊಹೆ ಹುಟ್ಟುವುದು ಪ್ರಬಂಧದ ಶೀರ್ಷಿಕೆಯಿಂದ. ಅದರಲ್ಲಿ ಪ್ಲೆಸ್ಸಿಗಿಂತ ಮೊದಲು ನಿಲ್ಲುವುದು 1883ರ ‘ನಾಗರಿಕ ಹಕ್ಕುಗಳ ಮೊಕದ್ದಮೆಗಳು’. ಹೋಟೆಲು, ನಾಟಕಶಾಲೆ, ರೈಲುಗಳಲ್ಲಿ ಬಣ್ಣದ ಭೇದ ಮಾಡಬಾರದೆಂದು ಸಂಸತ್ತು 1875ರಲ್ಲಿ ಮಾಡಿದ್ದ ಕಾಯಿದೆಯನ್ನು ಕೋರ್ಟು ರದ್ದುಪಡಿಸಿದ ತೀರ್ಪು ಅದು. ಅಲ್ಲಿಯೂ, ಪ್ಲೆಸ್ಸಿಯಲ್ಲಿಯೂ ಒಂಟಿಯಾಗಿ ಭಿನ್ನಮತ ಬರೆದವರು ನ್ಯಾಯಮೂರ್ತಿ ಹಾರ್ಲನ್. ಎರಡನ್ನೂ ಒಟ್ಟಿಗೆ ರದ್ದು ಮಾಡಬೇಕೆ ಎಂದು ಕೇಳುವ ಪ್ರಬಂಧ, ಅಂತರ್ಯುದ್ಧದ ನಂತರದ ತಿದ್ದುಪಡಿಗಳು ನಿಜಕ್ಕೂ ಏನು ಮಾಡಹೊರಟಿದ್ದವು ಎಂಬ ಚರಿತ್ರೆಗೆ ಇಳಿಯದೆ ಮುಂದೆ ಹೋಗಲಾರದು. 1953ರ ಜೂನಿನಲ್ಲಿ ಸುಪ್ರೀಂ ಕೋರ್ಟು ಬ್ರೌನ್ ಮೊಕದ್ದಮೆಯ ಮರುವಾದಕ್ಕೆ ಆದೇಶಿಸಿದಾಗ ಕೇಳಿದ ಮೊದಲ ಪ್ರಶ್ನೆಯೂ ಅದೇ: ಹದಿನಾಲ್ಕನೆಯ ತಿದ್ದುಪಡಿಯನ್ನು ತಂದವರ ಮನಸ್ಸಿನಲ್ಲಿ ಏನಿತ್ತು? ಆ ಬೇಸಿಗೆಯಲ್ಲಿ ಮಾರ್ಷಲ್ ತಂಡಕ್ಕೆ ಮನಶ್ಶಾಸ್ತ್ರದ ಕೊರತೆ ಇರಲಿಲ್ಲ, ಚರಿತ್ರೆಯ ಕೊರತೆಯಿತ್ತು. ಹಾಗಾಗಿ ರಾಬಿನ್ಸನ್ ಹಳೆಯ ವಿದ್ಯಾರ್ಥಿಯ ಕಾಗದದ ಕಟ್ಟನ್ನು ಬಿಚ್ಚಿದ್ದು ಮರುವಾದದ ಸಿದ್ಧತೆಯಲ್ಲೇ ಆಗಿದ್ದರೆ, ಅವರು ಹುಡುಕಿದ್ದು ಮನಸ್ಸಿನ ಗಾಯದ ಪುಟಗಳನ್ನಲ್ಲ, 1883ರ ಪುಟಗಳನ್ನು ಎಂದು ನನಗೆ ತೋರುತ್ತದೆ.

ಇದನ್ನು ಊಹೆ ಎಂದೇ ಕರೆದಿದ್ದೇನೆ. ಇದಕ್ಕೆ ಎದುರಾಗಿ ನಿಲ್ಲುವ ಸಂಗತಿ ಚಿಕ್ಕದಲ್ಲ: ಆ ವರ್ಷ ಮಾರ್ಷಲ್ ಅವರ ನೆರವಿಗೆ ಜಾನ್ ಹೋಪ್ ಫ್ರಾಂಕ್ಲಿನ್, ವ್ಯಾನ್ ವುಡ್‌ವರ್ಡ್, ಆಲ್ಫ್ರೆಡ್ ಕೆಲ್ಲಿ ಅವರಂತಹ ವೃತ್ತಿನಿರತ ಇತಿಹಾಸಕಾರರೇ ಬಂದಿದ್ದರು. ಅವರ ಮುಂದೆ ಒಂಬತ್ತು ವರ್ಷ ಹಳೆಯ ವಿದ್ಯಾರ್ಥಿ ಪ್ರಬಂಧ ಎಷ್ಟು ಬೆಳಕು ಕೊಟ್ಟೀತು? ಇತಿಹಾಸಕಾರರು ಸಂಸತ್ತಿನ ಚರ್ಚೆಗಳನ್ನು ಬಲ್ಲವರು; ತೀರ್ಪಿನಿಂದ ತೀರ್ಪಿಗೆ ಸಾಗುವ ತರ್ಕ ವಕೀಲರ ಕಸುಬು, ಆ ಕಸುಬಿನ ಕೈಬರಹ ಕಪಾಟಿನಲ್ಲೇ ಇತ್ತು ಎಂಬಷ್ಟು ಉತ್ತರ ಕೊಡಬಲ್ಲೆ. ಇನ್ನೊಂದು ಎಚ್ಚರಿಕೆಯೂ ಬೇಕು. ಹೋವರ್ಡ್ ಮಾತಿನ ಮೇಲೆ ನಡೆದ ಶಾಲೆ. ಸುಪ್ರೀಂ ಕೋರ್ಟಿಗೆ ಹೋಗುವ ಮುನ್ನ ವಾದಗಳ ತಾಲೀಮು ಅಲ್ಲೇ ನಡೆಯುತ್ತಿತ್ತು. 1944ರಲ್ಲಿ ನಗೆಗೀಡಾದ ಮಾತು 1950ರ ಹೊತ್ತಿಗೆ ಯಾರದೆಂದು ಗುರುತಿಲ್ಲದೆ ಎಲ್ಲರದೂ ಆಗಿದ್ದಿರಬಹುದು. ಅಂಥ ಋಣಕ್ಕೆ ಕಾಗದದ ಪುರಾವೆ ಕೇಳುವುದು, ಕಾಗದದ ಮೇಲೆ ಹೆಸರು ಬರಲು ಬಿಡದಿದ್ದವರ ಪರ ನಿಂತಂತೆಯೂ ಆದೀತು. ಈ ಆತಂಕ ಬರೆಯುವಾಗಲೆಲ್ಲ ನನ್ನ ಜೊತೆಗಿತ್ತು.

ಹೋಲಿಕೆಗೆ ಇನ್ನೊಂದು ಋಣವನ್ನು ನೋಡಬಹುದು. ಹೋವರ್ಡ್‌ನಲ್ಲಿ ಮೊದಲ ಸ್ಥಾನ ಪಡೆದರೂ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಅವರನ್ನು ಒಳಗೆ ಬಿಡಲಿಲ್ಲ. ಬಣ್ಣದ ಭೇದಕ್ಕಿದ್ದ ‘ಜಿಮ್ ಕ್ರೋ’ ಎಂಬ ಹೆಸರಿಗೆ ಜೋಡಿಯಾಗಿ ‘ಜೇನ್ ಕ್ರೋ’ ಎಂಬ ಮಾತು ಅವರ ಬಾಯಲ್ಲಿ ಹುಟ್ಟಿದ್ದು ಆ ವರ್ಷಗಳಲ್ಲಿ. 1965ರಲ್ಲಿ ಮೇರಿ ಈಸ್ಟ್‌ವುಡ್ ಅವರೊಡನೆ ಅದೇ ಹೆಸರಿನಲ್ಲಿ ಬರೆದ ಲೇಖನ ಲಿಂಗಭೇದವನ್ನೂ ಹದಿನಾಲ್ಕನೆಯ ತಿದ್ದುಪಡಿಯ ಕೆಳಗೆ ತಂದಿತು. ಲಿಂಗಭೇದದ ವಿರುದ್ಧದ 1971ರ ರೀಡ್ ಮೊಕದ್ದಮೆಯ ಲಿಖಿತ ವಾದದ ಮುಖಪುಟದಲ್ಲಿ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ಮರ್ರಿ ಅವರ ಹೆಸರನ್ನು ಸೇರಿಸಿದರು. ಮರ್ರಿ ಅದರಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ. ಋಣ ಒಪ್ಪಿಕೊಳ್ಳಲೆಂದೇ ಗಿನ್ಸ್‌ಬರ್ಗ್ ಆ ಹೆಸರನ್ನು ಅಚ್ಚು ಹಾಕಿಸಿದ್ದು. ಸೆರೆನಾ ಮಯೇರಿ 2011ರ ತಮ್ಮ ಗ್ರಂಥದಲ್ಲಿ ಈ ದಾರಿಯನ್ನು ವಿಸ್ತಾರವಾಗಿ ಗುರುತಿಸಿದ್ದಾರೆ, ನಾನು ಸೇರಿಸಬೇಕಾದದ್ದು ಕಡಿಮೆ. ರೀಡ್‌ನಲ್ಲಿ ಸಿಕ್ಕ ಮುಖಪುಟ ಬ್ರೌನ್‌ನಲ್ಲಿ ಸಿಗಲಿಲ್ಲ.

ಬ್ರೌನ್‌ನ ಪ್ರಶ್ನೆಯನ್ನು ಇನ್ನು ಮುಂದೊಯ್ಯಬೇಕಾದವರು 1944ರ ಪ್ರಬಂಧದ 1883ರ ಭಾಗವನ್ನು 1953ರ ಮರುವಾದದ ಲಿಖಿತ ವಾದದ ಪಕ್ಕದಲ್ಲಿಟ್ಟು, ಹಾರ್ಲನ್ ಅವರ ಭಿನ್ನಮತವನ್ನು ಎರಡೂ ಕಡೆ ಹೇಗೆ ಬಳಸಿಕೊಂಡಿದ್ದಾರೆಂದು ಸಾಲು ಸಾಲಾಗಿ ಹೋಲಿಸಬೇಕು. ಅಲ್ಲಿ ಸಾಮ್ಯ ಕಾಣದಿದ್ದರೆ ನನ್ನ ಊಹೆಯನ್ನು ಹಿಂದಕ್ಕೆ ಪಡೆಯಲು ಸಿದ್ಧನಿದ್ದೇನೆ.